ಗಾಜಿನೊಳಗಿನ ನೀರು

ಬೇಡಿ, ಏಳ್ಬೇಡಿ ಗುರುಮಲ್ಲಣ್ಣ! ನಾನಿಲ್ಲೇ ಜಗಲಿ ಮೇಲೆ ಕೂತ್ಕತೀನಿ... ಯಾಕೆ ಹಂಗೆ ನೋಡ್ತೀರಾ? ಬೆಟ್ಟಯ್ಯ ಕಣಣ್ಣ! ಒಂಬತ್ತು ವರ್ಷ ನಿಮ್ಮ ಇಂಜಿನ್‌ಗೆ ಕಲ್ಲಿದ್ದಲು ಹಾಕ್ದೋನು. ಈ ಕಡೆ ತಲೆ ಹಾಕಿ ಆರು ವರ್ಷ ಆಯ್ತು, ನಿಜ. ರೈಲ್ವೆ ಷೆಡ್ಡಿಂದ ಈ ಕೃಷ್ಣಮೂರ್ತಿಪುರಂ ಏನು ಕಾಶಿಯಷ್ಟು ದೂರಾನಾ ಅಂತ ಕೇಳಿ. ಬೈಯಿರಿ!

ಸರಿ, ವಿಷಯಕ್ಕೆ ಬತ್ತೀನಿ. ನನ್ನ ಡ್ರೈವರ್ ಮಾಡವ್ರೆ ಅಣ್ಣ! ಇವತ್ತು ಆಯುಧಪೂಜೆ, ಇಂಜಿನ್‌ಗೆ ಬಾಳೆಕಂದು, ಚೆಂಡುಹೂವು ಎಲ್ಲಾ ಕಟ್ಟಾಯ್ತು. ಮಧ್ಯಾಹ್ನದ ಚಾಮರಾಜನಗರದ ಗಾಡಿ ನಂದೇ. ನಮ್ಮ ಷೆಡ್ಡಿನ ಪದ್ಧತಿ ನಿಮಗೆ ಗೊತ್ತಲ್ಲ... ಹೊಸ ಡ್ರೈವರ್‌ನ ಮೊದಲನೇ ಸೀಟಿ, ಕೆಲಸ ಕಲಿಸಿದ ಗುರು ಎಳೀಬೇಕು. ಬನ್ನಿ. ಜಟಕಾ ನಿಲ್ಸಿದೀನಿ.

ಯಾಕೆ ನಗ್ತೀರಾ? ಆ ಕೈ ತೋರಿಸ್ಬೇಡಿ ಅಣ್ಣ. ಬೆರಳು ಮಡಿಸೋಕಾಗಲ್ಲ ಅಂತ ಗೊತ್ತು. ಸೀಟಿಯ ಸರಪಳಿಗೆ ಬಟ್ಟೆ ಸುತ್ತಿ ಬಳೆ ಥರ ಮಾಡಿದೀನಿ, ಮೊಣಕೈ ಹಾಕಿ ಎಳದ್ರೆ ಸಾಕು... ಓ, ಕಾಪಿ ಬಂತಾ ಸರ್ವಮಂಗಳತ್ತಿಗೆ? ಅಣ್ಣನಿಗೆ ನೀವೇ ಕುಡಿಸ್ಬೇಕಾ... ಸರಿ, ಸರಿ.

ಆರು ವರ್ಷದ ಹಿಂದೆ ಈ ಕೈ ಬೆಂದ ದಿನಾನೂ ಆಯುಧಪೂಜೇನೇ ಅಲ್ವಾ? ನಾನೇನು ಮಾಡ್ಲಿ ಅಣ್ಣ! ನೀರಿನ ಮಟ್ಟ ತೋರ್ಸೋ ಗಾಜಲ್ಲಿ ಅರ್ಧ ನೀರು ಕಾಣ್ತಿತ್ತು, ಇಬ್ಬರೂ ನೋಡಿದ್ವಿ. ಬಾಯ್ಲರ್ ಒಳಗೆ ಬತ್ತೋಗಿದೆ ಅಂತ ಯಾರಿಗ್ಗೊತ್ತು? ನಂಜನಗೂಡು ದಾಟೋ ಹೊತ್ತಿಗೆ, ನೀರು ಬತ್ತಿದ್ರೆ ಕರಗಲಿ ಅಂತ ಬಾಯ್ಲರ್‌ಗೆ ಹಾಕಿರೋ ಸೀಸದ ಬಿರಟೆ ಕರಗಿ ಹಬೆ ನುಗ್ಗಿಬುಡ್ತು. ನನ್ನ ಹಿಂದಕ್ಕೆ ತಳ್ಳಿ ಮುಂದೆ ನಿಂತೋರು ನೀವು. ಡ್ರೈವರ್ ನೀರಿನ ಕಡೆ ಗಮನ ಕೊಡ್ಲಿಲ್ಲ ಅಂತ ವಿಚಾರಣೇಲಿ ಬರಕೊಂಡ್ರು. ನೀವು ಹೂಂ ಅಂದ್ರಿ. ನಾನೂ... ಹೂಂ ಅಂದೆ.

ಆವತ್ತಿಂದ ಷೆಡ್ಡಲ್ಲಿ ಅಷ್ಟು ಜನ ಇದ್ರೂ ನಾನು ಬುತ್ತಿ ಬಿಚ್ಚೋದು ಒಬ್ಬನೇ, ನೀರಿನ ತೊಟ್ಟಿ ಹಿಂದೆ. ಬಾಯಿ ಬಿಟ್ರೆ ಎಲ್ಲಿ ಅದೇ ಬಂದ್ಬುಡುತ್ತೋ ಅಂತ ಭಯ. ಅದೇ ಅಂದ್ರೆ... ಏನಿಲ್ಲ, ಬುಡಿ.

ಇವತ್ತು ಬೆಳಿಗ್ಗೆ ಆ ಗಾಜು ಒರೆಸ್ತಿದ್ದೆ, ಕುಂಕುಮ ಇಡೋಕೆ. ಒರೆಸೋಕೆ ಮುಂಚೆ ಮೇಲಿಂದು ಕೆಳಗಿಂದು ಎರಡೂ ನಲ್ಲಿ ಮುಚ್ತೀವಲ್ಲ... ಮುಚ್ಚಿದ್ರೆ ಒಳಗೆ ಏನೇ ಆಗ್ಲಿ, ಗಾಜಲ್ಲಿ ನೀರು ಇದ್ದಷ್ಟೇ ಇರುತ್ತೆ. ಆವತ್ತೂ ಮುಚ್ಚಿದ್ದೆ ಅಣ್ಣ. ಕುಂಕುಮ ಇಟ್ಟೆ. ಕೈ ಮುಗಿದೆ. ನಲ್ಲಿ ಮತ್ತೆ ತೆಗೆಯೋದು ಮರ್ತೆ...

ಯಾಕೆ ಬೆಚ್ಚಿಬೀಳಲಿಲ್ಲ ನೀವು? ಈಗ ಹೇಳ್ದೆನಲ್ಲ! ಏಳಿ, ಹೊಡೀರಿ ನನ್ನ!

ತಡೀರಿ. ಇನ್ಸ್‌ಪೆಕ್ಟರ್ ಬಂದು ನೋಡ್ದಾಗ ಎರಡು ನಲ್ಲೀನೂ ತೆಗೆದಿದ್ವು, ಮುಚ್ಚಿದ್ದಿದ್ರೆ ತಪ್ಪು ನಂದು ಅಂತ ಆವತ್ತೇ ಗೊತ್ತಾಗ್ತಿತ್ತು. ಚಾಮುಂಡವ್ವ ಕಾಪಾಡಿದ್ಲು ಅಂತ ಆರು ವರ್ಷ ಅಂದ್ಕಂಡಿದ್ದೆ. ಇಂಜಿನ್ ಮೇಲಿದ್ದೋರು ನಾವಿಬ್ಬರೇ. ನಾನಂತೂ ಮುಟ್ಟಲಿಲ್ಲ.

ಅಣ್ಣ... ಆ ಬೆಂದ ಕೈಯಲ್ಲೇ ನಲ್ಲಿ ತಿರುಗಿಸಿದ್ರಾ?