ಹಿಂಡಿಗೆ ಬೆನ್ನು ಮಾಡಿ ಕೂತ ನಾಯಿ

ಹೆಸರಿಟ್ಟವರಿಲ್ಲ, ಎಲ್ಲೆ ಅಳೆದವರಿಲ್ಲ, ಅಂಥ ಒಂದು ಸೀಮೆ ಇತ್ತು. ಹತ್ತಿರ ಬಂದು ಕೂರಿ. ನಡುವೆ ಮಾತಾಡಬೇಡಿ. ಆ ಸೀಮೆಯಲ್ಲಿ ನಾಯಿ ಇತ್ತೇ? ಇತ್ತು. ಬೀದಿಯಲ್ಲಿತ್ತು, ಬೇಟೆಗಾರರ ಹಗ್ಗದಲ್ಲಿತ್ತು. ಕುರಿಹಿಂಡಿನಲ್ಲಿ ಮಾತ್ರ ಇರಲಿಲ್ಲ. ಕುರಿ ಕಾಯುವವನಿಗೆ ಕೈಯಲ್ಲಿ ಕೋಲು, ಗಂಟಲಲ್ಲಿ ಕೂಗು. ಅಷ್ಟೇ.

ಅಲ್ಲಿ ಜಕ್ಕಪ್ಪನೆಂಬ ಕುರುಬನಿದ್ದ. ಅವನ ತಂಗಿ ಮಾಳವ್ವ. ಗಂಡ ತೀರಿಕೊಂಡ ಮೇಲೆ ಅಣ್ಣನ ಹಿಂಡಿನ ಜೊತೆಗೇ ಅವಳ ಬಾಳು. ಆ ವರ್ಷ ಕೆಂದಿ ಎಂಬ ಕುರಿಯ ಮರಿ ಹುಟ್ಟಿದ ದಿನವೇ ಸತ್ತಿತು. ಕೆಚ್ಚಲು ಬಿಗಿದು ಕಲ್ಲಾಯಿತು. ಕೆಂದಿ ಮೇಯಲಿಲ್ಲ, ಮಲಗಲಿಲ್ಲ, ಅರಚುವುದನ್ನು ನಿಲ್ಲಿಸಲಿಲ್ಲ.

ಇಂಥ ಹೊತ್ತಿನಲ್ಲಿ ಕುರುಬರು ಏನು ಮಾಡುತ್ತಾರೆ, ಗೊತ್ತೇ? ಸತ್ತ ಮರಿಯ ತೊಗಲು ಸುಲಿದು, ತಾಯಿಯಿಲ್ಲದ ಇನ್ನೊಂದು ಮರಿಗೆ ಹೊದಿಸುತ್ತಾರೆ. ವಾಸನೆ ನೋಡಿ ತಾಯಿ ಹಾಲು ಬಿಡುತ್ತದೆ. ಆದರೆ ಆಗ ತಬ್ಬಲಿ ಮರಿ ಒಂದೂ ಇರಲಿಲ್ಲ. ಇದ್ದದ್ದು ಬೇಟೆಗಾರರು ಹಳ್ಳದ ದಂಡೆಯಲ್ಲಿ ಬಿಟ್ಟುಹೋದ, ಬೂದಿಬಣ್ಣದ ಒಂದು ನಾಯಿಮರಿ. ಮಾಳವ್ವ ತೊಗಲನ್ನು ಅದಕ್ಕೇ ಹೊದಿಸಿದಳು.

ಜಕ್ಕಪ್ಪ ನಕ್ಕ. "ನಾಯಿಗೆ ಕುರಿಹಾಲೇ, ತಂಗಿ? ನಾಳೆ ತೋಳ ಬಂದರೆ ಅದಕ್ಕೂ ಉಡಿ ತುಂಬಿ ಕಳಿಸು!"

"ನಿನ್ನ ಬಾಯಿಗಿಂತ ಇದರ ಬಾಯಿ ಮೆತ್ತಗಿದೆ ಅಣ್ಣಾ. ಸುಮ್ಮನೆ ಕುರಿ ಹಿಡಿದುಕೋ."

ಕೆಂದಿ ನಾಯಿಮರಿಯ ತಲೆ ಮೂಸಿತು, ಹಾಯ್ದು ಕೆಡವಿತು. ಹೊಟ್ಟೆ ಮೂಸಿತು, ಹಿಂದೆ ಸರಿಯಿತು. ಬಾಲದ ಬುಡ ಮೂಸಿತು, ನಿಂತುಬಿಟ್ಟಿತು. ನಾಯಿಮರಿ ಕೆಚ್ಚಲಿಗೆ ಬಾಯಿ ಹಾಕಿತು. ಅಂದು ಕೆಂದಿಯ ಅರಚಾಟ ನಿಂತಿತು.

ಮಾಳವ್ವ ಅವನಿಗೆ ಬೂದ ಎಂದು ಹೆಸರಿಟ್ಟಳು. ಬೂದ ಕುರಿಗಳ ನಡುವೆಯೇ ಬೆಳೆದ. ಅವು ಎದ್ದರೆ ಎದ್ದ, ಅವು ನಡೆದರೆ ನಡೆದ, ಅವು ಮಲಗಿದರೆ ಕೆಂದಿಯ ಹೊಟ್ಟೆಗೆ ತಲೆಯಿಟ್ಟು ಮಲಗಿದ. ತಾನು ಕುರಿಯಲ್ಲ ಎಂದು ಅವನಿಗೆ ಯಾರು ಹೇಳಬೇಕು? ಯಾರೂ ಹೇಳಲಿಲ್ಲ.

ಹೇಳಿದ್ದು ತೋಳ.

ಕೇಳಿ. ಒಂದು ದಿನ ಇಳಿಹೊತ್ತಿನಲ್ಲಿ ಹಿಂಡು ಹಟ್ಟಿಗೆ ಮರಳುತ್ತಿತ್ತು. ಕುರುಚಲಿನಿಂದ ತೋಳವೊಂದು ನೆಗೆದು ಕೆಂದಿಯ ತೊಡೆಗೆ ಬಾಯಿ ಹಾಕಿತು. ಆವರೆಗೆ ಯಾರನ್ನೂ ಕಚ್ಚದ ಬೂದ ತೋಳದ ಕುತ್ತಿಗೆ ಕಚ್ಚಿ ಹಿಡಿದ. ತೋಳ ಅವನ ಕಿವಿ ಹರಿದುಹಾಕಿತು, ಬೂದ ಬಿಡಲಿಲ್ಲ. ಭುಜ ಸೀಳಿತು, ಬಿಡಲಿಲ್ಲ. ನೆಲಕ್ಕೆ ಹಾಕಿ ಉರುಳಾಡಿಸಿತು, ಬಿಡಲಿಲ್ಲ. ಕೊನೆಗೆ ತೋಳವೇ ಕೊಸರಿಕೊಂಡು ಕುಂಟುತ್ತ ಗುಡ್ಡ ಹತ್ತಿತು.

ಬೂದ ತಾಯಿಯ ಕಡೆ ಓಡಿದ. ಬಾಯಿಯ ತುಂಬ ರಕ್ತ.

ಕೆಂದಿ ಅವನನ್ನು ನೋಡಿತು. ನೋಡಿ ಓಡಿತು. ಅದರ ಹಿಂದೆ ಹಿಂಡಿಗೆ ಹಿಂಡೇ ಚೆದುರಿ ಓಡಿತು. ಒಂದು ಕುರಿ ಕೊರಕಲಿಗೆ ಬಿದ್ದು ಕಾಲು ಮುರಿದುಕೊಂಡಿತು.

ಜಕ್ಕಪ್ಪ ಕೊಡಲಿ ಎತ್ತಿಕೊಂಡ. ಈಗ ಅವನು ನಗಲಿಲ್ಲ. "ನಾಯಿಗೆ ಹೆದರಿ ಓಡುವ ಹಿಂಡು ತೋಳದ ಬಾಯಿಗೇ ಹೋಗುತ್ತದೆ, ತಂಗಿ. ಇವನಿದ್ದರೆ ಕುರಿ ಇಲ್ಲ. ಪಕ್ಕಕ್ಕೆ ಸರಿ."

"ಹೊತ್ತು ಮುಳುಗುವ ತನಕ ತಡೆ, ಅಣ್ಣಾ."

"ಮುಳುಗಿದ ಮೇಲೆ?"

"ಹಿಂಡು ಹಟ್ಟಿ ಸೇರದಿದ್ದರೆ ನಾನೇ ಅವನ ತಲೆ ಹಿಡಿದುಕೊಳ್ಳುತ್ತೇನೆ. ನೀನು ಹೊಡೆ."

ಬೂದ ನಡೆದು ಹೋದ, ಕುರಿಗಳು ಓಡಿದವು. ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿದ, ಓಡಿದವು. ಮಾಳವ್ವ ಹಳ್ಳಕ್ಕೆ ಕರೆದೊಯ್ದು ಅವನ ಬಾಯಿ ತೊಳೆದಳು, ಮಣ್ಣು ಹಚ್ಚಿ ಮತ್ತೆ ತೊಳೆದಳು. ಕೆಂದಿ ಒಂದು ಹೆಜ್ಜೆ ಹತ್ತಿರ ಬಂತು. ಸಂತೋಷಕ್ಕೆ ಬೂದ ಬಾಯಿ ತೆರೆದ. ಹಲ್ಲು ಕಂಡವು. ಕೆಂದಿ ಓಡಿತು.

ಸೂರ್ಯ ಗುಡ್ಡದ ತಲೆ ಮುಟ್ಟಿದ. ಜಕ್ಕಪ್ಪ ಎದ್ದು ನಿಂತ. ಮಾಳವ್ವ ಕೊಟ್ಟ ಮಾತಿನಂತೆ ಹೋಗಿ ಬೂದನ ತಲೆ ಹಿಡಿದಳು. ಬೂದ ಅಲುಗದೆ ನಿಂತ.

ಆಗ ಗುಡ್ಡದ ಮೇಲೆ ತೋಳ ಊಳಿಟ್ಟಿತು.

ಬೂದ ಮಾಳವ್ವನ ಕೈಯಿಂದ ತಲೆ ಬಿಡಿಸಿಕೊಂಡ. ಹಟ್ಟಿಯ ಬಾಗಿಲಿನಿಂದ ತುಸು ಆಚೆ ಹೋಗಿ ಗುಡ್ಡಕ್ಕೆ ಮುಖ ಮಾಡಿ ಕೂತ. ಹಿಂಡಿಗೆ ಈಗ ಕಂಡದ್ದು ಏನು? ಬಾಯಿಯಲ್ಲ, ಹಲ್ಲಲ್ಲ. ಬೂದಿಬಣ್ಣದ ಬೆನ್ನು, ಆ ಬೆನ್ನಿನ ಆಚೆ ತೋಳ. ಕುರಿಗಳು ಗುಂಪುಗೂಡಿದವು. ಒಂದೊಂದಾಗಿ ಅವನ ಹಿಂದಿನಿಂದ ಸಾಗಿ ಹಟ್ಟಿಯೊಳಗೆ ಹೋದವು.

ಜಕ್ಕಪ್ಪ ಕೊಡಲಿಯನ್ನು ಬೇಲಿಗೆ ಒರಗಿಸಿದ. "ಅವನ ರೊಟ್ಟಿ ತಾ. ಮುಂದಿನಿಂದ ಹೋಗಿ ಇಡು. ಅವನನ್ನು ತಿರುಗಿಸಬೇಡ," ಎಂದ.

ಮಾಳವ್ವ ರೊಟ್ಟಿ ಇಟ್ಟು, "ಬಾ ಮಗನೇ, ಒಳಗೆ ಬಾ," ಎಂದಳು. ಬೂದ ಬರಲಿಲ್ಲ.

ಅವನ ಜಾತಿಯೇ ಇಂದಿನ ಹಟ್ಟಿನಾಯಿ. ಹಟ್ಟಿಯ ಹೊರಗೇ ಮಲಗುತ್ತದೆ. ಎಷ್ಟು ಮುದ್ದಿಸಿದರೂ ಒಳಗೆ ಬರುವುದಿಲ್ಲ. ಕುರಿಗಳಿಗೆ ಮುಖ ತೋರಿಸುವುದಿಲ್ಲ. ಅದಕ್ಕೆ ಪ್ರೀತಿಯಿಲ್ಲ ಎನ್ನುವವರಿದ್ದಾರೆ. ಅವರು ಈ ಕಥೆ ಕೇಳಿಲ್ಲ.

ಏಕೆಂದರೆ ಅಂದು ಕತ್ತಲಾಗುವ ಮುಂಚೆ ಕೆಂದಿ ಕುಂಟುತ್ತ ಹಟ್ಟಿಯ ಬಾಗಿಲಿಗೆ ಬಂದು, ಮರಿಯನ್ನು ಕರೆಯುವ ದನಿಯಲ್ಲಿ ಕೂಗಿತು. ಬೂದನ ಹರಿದ ಕಿವಿ ಹಿಂದಕ್ಕೆ ತಿರುಗಿತು. ಮುಖ ತಿರುಗಲಿಲ್ಲ.

ಕಥೆ ನನ್ನ ಬಾಯಿ ಬಿಟ್ಟಿತು, ನಿಮ್ಮ ಕಿವಿ ಸೇರಿತು. ಎದ್ದು ಹೋಗಿ, ಹೋಗುವಾಗ ಬಾಗಿಲಾಚೆ ಮಲಗಿರುವುದನ್ನು ದಾಟಬೇಡಿ, ಬಳಸಿಕೊಂಡು ಹೋಗಿ.