ಎಂಟನೇ ಅಂತಸ್ತಿನ ಜಗಲಿ

ಚನ್ನಗಿರಿ ಬಸ್ ನಿಲ್ದಾಣದಲ್ಲಿ ಮಟಮಟ ಮಧ್ಯಾಹ್ನ ನಲ್ಲೂರು ಬಸ್ಸಿಗೆ ಕಾದು ಬೇಸತ್ತಿದ್ದ ಕೊಟ್ರೇಶನ ಕಿವಿ ಪಕ್ಕದ ಬೆಂಚಿನ ಕಡೆಗೇ ಇತ್ತು. ಅಲ್ಲಿ ಕಾಲೇಜು ಹುಡುಗಿಯೊಬ್ಬಳು ರಟ್ಟಿನಲ್ಲಿ ಮಾಡಿದ ಊರೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒತ್ತೊತ್ತಾಗಿ ಎಂಟೆಂಟು ಅಂತಸ್ತಿನ ಮನೆಗಳು. ಅಂತಸ್ತಿಗೊಂದು ಜಗಲಿ ಗಿಡಬಳ್ಳಿ ಹೊತ್ತು ಹೊರಗೆ ಚಾಚಿತ್ತು.

“ಮೇಷ್ಟ್ರು ಏನಂದ್ರೇ ಅಕ್ಷಿತಾ?” ಅಂದಳು ಜೊತೆಗಿದ್ದ ಸೋದರತ್ತೆ.

“ಜಗಲಿ ತೆಗೆದು ಅಲ್ಲಿ ಇನ್ನೆರಡು ಮನೆ ತುರುಕು ಅಂದ್ರು, ಅತ್ತೆ. ಮುಂದಿನ ಕಾಲದ ಊರಲ್ಲಿ ಜಾಗ ದಂಡ ಮಾಡಬಾರದಂತೆ.”

“ತುರುಕಿಬಿಡು. ಪಾಸಾದ್ರೆ ಸಾಕು.”

“ತುರುಕಲ್ಲ. ಈ ಬಿಸಿಲಿಗೆ ಗಾಳಿ, ನೆರಳು ಬ್ಯಾಡ್ವಾ? ಹೋದ ಬ್ಯಾಸಿಗೇಲಿ ಕರೆಂಟ್ ಹೋದಾಗ ನಿಮ್ಮ ಓಣಿಯೋರೆಲ್ಲ ಎಲ್ಲಿ ಕುಂತಿದ್ರು?”

“ನಮ್ಮ ಜಗಲಿ ಮ್ಯಾಲೆ.”

“ನಿನ್ನ ಕೇಳಿ ಕುಂತ್ರಾ?”

“ಜಗಲಿ ಮ್ಯಾಲೆ ಕೂರಾಕೆ ಯಾರಾದ್ರೂ ಕೇಳ್ತಾರೇನೇ?”

“ಮತ್ತೆ? ಎಂಟನೇ ಅಂತಸ್ತಲ್ಲಿ ಇರೋರು ಮನುಷ್ಯರಲ್ವಾ?”

ಅತ್ತೆ ಬಗ್ಗಿ ಎಂಟನೇ ಅಂತಸ್ತಿನ ಜಗಲಿಯನ್ನು ನೋಡಿದಳು. ಅಷ್ಟರಲ್ಲಿ ಅವರ ಹೊನ್ನಾಳಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ.

“ಏನಮ್ಮಾ ಇದು? ಪಕ್ಕಕ್ಕೆ ಚಾಚಿರೋ ರಟ್ಟೆಲ್ಲ ಕಿತ್ತು ಹತ್ರಿ.”

ಹುಡುಗಿ ಮಾತಾಡುವ ಮೊದಲೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ರಟ್ಟಲ್ಲ ಕಣಪ್ಪಾ, ಜಗಲಿ! ಮೇಷ್ಟ್ರು ಹೇಳಿದ್ರೇ ಕಿತ್ತಿಲ್ಲ, ನೀನು ಹೇಳಿದ್ರೆ ಕೀಳ್ತೀವಾ? ಸರ್ಕೊ ಆ ಕಡೆ, ಊರಿಗೂರೇ ಹತ್ತಬೇಕು!”

ಊರನ್ನು ಓರೆ ಮಾಡಿಕೊಂಡು ಇಬ್ಬರೂ ಹತ್ತಿದರು. ಬಸ್ಸು ಹೊರಟಾಗ ಕೊಟ್ರೇಶ ಇಣುಕಿ ನೋಡಿದ. ಒಂದು ಜಗಲಿಯೂ ಮುರಿದಿರಲಿಲ್ಲ. ಕಂಡಕ್ಟರನೇ ಬಾಗಿಲಲ್ಲಿ ಜೋತಾಡುತ್ತಿದ್ದ.