ಜಗಲಿಗೆ ಹೋಗದವರು

ಪ್ಲೇಆಫ್‌ಗೆ ಮುಂಚಿನ ಕೊನೆಯ ಪಂದ್ಯವನ್ನು ತಮ್ಮ ಫುಟ್‌ಬಾಲ್ ತಂಡ ಒಂದೇ ಗೋಲಿನಿಂದ ಸೋತ ಮಾರನೆಯ ಬೆಳಿಗ್ಗೆ, ಕೋಳಿಕ್ಕೋಡಿನ ಮೀನಂಗಡಿಯ ಮುಂದಿನ ಸಾಲಿನಲ್ಲಿ ಯಾರಿಗೂ ಮಾತು ಬೇಕಿರಲಿಲ್ಲ. ರಸಿಯಾಳ ಮುಂದಿದ್ದ, ಎಲ್ಲರೂ ಚೇಚಿ (ಅಕ್ಕ) ಎಂದೇ ಕರೆಯುವ ವಿಲಾಸಿನಿ ಮತ್ತು ಆಕೆಯ ನೆರೆಮನೆಯ ಶೈಮಾ ಮಾತ್ರ ಪಿಸುಗುಡುತ್ತಿದ್ದರು. ರಸಿಯಾ ಕಿವಿಗೊಟ್ಟಳು.

“ಕೊನೇ ನಿಮಿಷದ ಪೆನಾಲ್ಟಿ, ಚೇಚಿ! ಕಂಬಕ್ಕೆ ಹೊಡೆದುಬಿಟ್ನಲ್ಲ ಪಾಪಿ!”

“ಅವನ ತಪ್ಪಲ್ಲ ಬಿಡೇ.”

“ಮತ್ತಿನ್ಯಾರದು?”

“ನಮ್ಮನೇವ್ರು ಟೀವಿ ಮುಂದೆ ನೋಡ್ತಾ ಕೂತ್ರೆ ಪೆನಾಲ್ಟಿ ಯಾವತ್ತಾದ್ರೂ ಒಳಗೆ ಹೋಗಿದ್ದುಂಟಾ? ಅದಕ್ಕೇ ಅಲ್ವಾ ಪ್ರತಿ ಸಲ ಜಗಲಿಗೆ ಅಟ್ತಿದ್ದೆ.”

“ದಾಮುವೇಟ್ಟ ಪಾಪ, ಅಲ್ಲಿ ಕಿವಿ ಮುಚ್ಕೊಂಡು ಕೂತಿರ್ತಿದ್ರು.”

“ನಿನ್ನೆ ಕಳಿಸ್ಲಿಲ್ಲ.”

“ಚೇಚಿ... ದಾಮುವೇಟ್ಟ ತೀರ್ಕೊಂಡು ಆರು ತಿಂಗಳಾಯ್ತು.”

“ಆಯ್ತು. ಆದ್ರೂ ಚೆಂಡು ಕಂಬಕ್ಕೇ ಬಡೀತಲ್ಲ? ಒಳಗೇ ಇದ್ರು ಕಣೇ.”

ಶೈಮಾ ಚೇಚಿಯ ಹತ್ತಿರಕ್ಕೆ ಸರಿದು ಕೇಳಿದಳು.

“ಪ್ಲೇಆಫಲ್ಲೂ ಪೆನಾಲ್ಟಿ ಸಿಕ್ರೆ? ಆಚೆ ಹೋಗಿ ಅಂತೀರಲ್ವಾ?”

ಚೇಚಿ ಮೀನಿನ ಚೀಲ ಈಸಿಕೊಂಡು ಬಸ್ ಸ್ಟ್ಯಾಂಡಿನತ್ತ ತಿರುಗಿದರು. ನಡೆಯುತ್ತಲೇ ಅಂದದ್ದು ರಸಿಯಾಳಿಗೆ ಕೇಳಿಸಿತು.

“ಇಲ್ಲ. ಕೂತಿರ್ಲಿ. ಸೋತ್ರೆ ಸೋಲ್ಲಿ.”